ಹಳೆಯ ಡಬ್ಬಾ ಟಿವಿಗೆ ಕಂಪ್ಯೂಟರ್ ಜೋಡಿಸಿ ಆಟವಾಡಿದ ಬಗೆ

ಕೊಪ್ಪಳದ ನಮ್ಮ ಮನೆಯ ಅಟ್ಟದ ಮೇಲೆ ಅವ್ವನ ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದ 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿಯನ್ನು ಕಳೆದ ಬೇಸಿಗೆಯಲ್ಲಿ ನಾನೂ ಅಣ್ಣನ ಮಗನೂ ಸೇರಿ ಕೆಳಗಿಳಿಸಿದೆವು. 1998ರಲ್ಲಿ ಅಪ್ಪ ಕಂತಿನ ಮೇಲೆ ಕೊಂಡಿದ್ದ ಟಿವಿ ಅದು. ಗೋಡೆಗೆ ಹೊಸ ಟಿವಿ ಬಂದಾಗ ಇದನ್ನು ಗುಜರಿಗೆ ಕೊಡಲು ಅವ್ವ ಒಪ್ಪಿರಲಿಲ್ಲ. ವೈರು ಚುಚ್ಚಿ ಸ್ವಿಚ್ ಒತ್ತಿದಾಗ ಒಳಗಿನಿಂದ ಗುಂಯ್ ಎಂಬ ಆ ಪರಿಚಿತ ಸದ್ದು ಕೇಳಿಸಿತು, ಪರದೆ ನಿಧಾನವಾಗಿ ಬೆಳಗಿತು. ಒಂಬತ್ತನೆಯ ತರಗತಿಯ ಹುಡುಗ ಕೇಳಿದ: "ಕಾಕಾ, ನಮ್ಮ ಕಂಪ್ಯೂಟರಿನ ಗೇಮ್ ಇದರಾಗ ಬರ್ತಾವೇನು?" ಬರುತ್ತವೆ ಎಂದು ಆ ಕ್ಷಣಕ್ಕೆ ಹೇಳಿಬಿಟ್ಟೆ. ಆದರೆ ಹೇಗೆ ಬರುತ್ತವೆ, ಯಾವ ಆಟ ಚೆನ್ನಾಗಿ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ತಿಳಿಯಲು ಪೂರ್ತಿ ಎರಡು ತಿಂಗಳು ಹಿಡಿಯಿತು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಟಿವಿಯ ಹಿಂಬದಿಯಲ್ಲಿ ಆಂಟೆನಾದ ಒಂದು ಕುಳಿ, ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಎವಿ ಕುಳಿಗಳು, ಇಷ್ಟೇ ಇವೆ. ಹಳದಿಯಲ್ಲಿ ಚಿತ್ರ ಹೋಗುತ್ತದೆ, ಉಳಿದೆರಡರಲ್ಲಿ ಎಡಬಲದ ಧ್ವನಿ. ಕಂಪ್ಯೂಟರಿನಲ್ಲಿ ಇರುವುದು ಎಚ್‌ಡಿಎಂಐ ಎಂಬ ಹೊಸ ಬಗೆಯ ಕುಳಿ. ಹೀಗಾಗಿ ಮೊದಲು ನನಗೆ ಇದು ಪಿನ್ನು ಹೊಂದದ ತೊಂದರೆ ಎಂದೇ ತೋರಿತ್ತು. ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಮೂರು ಬಣ್ಣದ ಪಿನ್ನುಗಳಿರುವ ವೈರುಗಳೂ ಪೇಟೆಯಲ್ಲಿ ಸಿಗುತ್ತವೆ. ದಯವಿಟ್ಟು ಅವನ್ನು ಕೊಳ್ಳಬೇಡಿ. ಎಚ್‌ಡಿಎಂಐನಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿ ಹರಿಯುತ್ತದೆ, ಹಳದಿ ಕುಳಿಗೆ ಬೇಕಾದದ್ದು ಏರಿಳಿಯುವ ಒಂದು ವೋಲ್ಟೇಜು. ಒಂದನ್ನು ಇನ್ನೊಂದಾಗಿ ಮಾರ್ಪಡಿಸಲು ನಡುವೆ ಒಂದು ಸರ್ಕ್ಯೂಟು ಇರಲೇಬೇಕು. ಬರೀ ತಾಮ್ರದ ತಂತಿಯಿಂದ ಆ ಕೆಲಸ ಆಗುವುದಿಲ್ಲ.

ಈ ಟಿವಿ ಚಿತ್ರ ಬಿಡಿಸುವ ಬಗೆಯನ್ನು ತಿಳಿದುಕೊಂಡ ಮೇಲೆಯೇ ನನ್ನ ಕೆಲಸ ಹಾದಿಗೆ ಬಂದದ್ದು. ನಮ್ಮ ದೇಶದಲ್ಲಿ ಪಾಲ್ ಎಂಬ ಪ್ರಸಾರ ಪದ್ಧತಿಯ ಟಿವಿಗಳು ಒಂದು ಪೂರ್ಣ ಚಿತ್ರವನ್ನು 625 ಸಾಲುಗಳಲ್ಲಿ, ಸೆಕೆಂಡಿಗೆ 25 ಬಾರಿ ಬಿಡಿಸುತ್ತವೆ. ಅದರಲ್ಲಿ ಕಣ್ಣಿಗೆ ಬೀಳುವ ಸಾಲುಗಳು 576. ಆದರೆ ಅವೆಲ್ಲವನ್ನೂ ಒಂದೇ ಬೀಸಿಗೆ ಬಿಡಿಸುವುದಿಲ್ಲ. ಮೊದಲ ಬೀಸಿನಲ್ಲಿ ಒಂದು ಬಿಟ್ಟು ಒಂದರಂತೆ ಅರ್ಧ ಸಾಲುಗಳು, ಮರುಬೀಸಿನಲ್ಲಿ ಅವುಗಳ ನಡುವಿನ ಉಳಿದರ್ಧ, ಹೀಗೆ ಸೆಕೆಂಡಿಗೆ 50 ಅರೆಚಿತ್ರಗಳನ್ನು ನೇಯ್ಗೆಯ ಎಳೆಗಳಂತೆ ಹೆಣೆಯುತ್ತವೆ. ಒಂದು ಸಾಲಿಗೆ 64 ಮೈಕ್ರೊಸೆಕೆಂಡು, ಸೆಕೆಂಡಿಗೆ 15,625 ಸಾಲು. 1975ರ ಆಗಸ್ಟಿನಿಂದ ಒಂದು ವರ್ಷ, ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ಆಗಿನ ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಕೊಪ್ಪಳ ಅಂದು ಅದೇ ಜಿಲ್ಲೆಗೆ ಸೇರಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿಗಿಂತ ಮೊದಲೇ ನಮ್ಮ ಕಡೆಯ ಹಳ್ಳಿಗಳವರು ತಂತಿಜಾಲರಿಯ ದೊಡ್ಡ ಆಂಟೆನಾದ ಕೆಳಗೆ ಕುಳಿತು ನೋಡಿದ ಆ ಕಪ್ಪು ಬಿಳುಪಿನ ಪೆಟ್ಟಿಗೆಗೂ ನಮ್ಮ ಮನೆಯ ಬಣ್ಣದ ಪೆಟ್ಟಿಗೆಗೂ ಸಾಲುಗಳ ಲೆಕ್ಕ ಒಂದೇ.

ಕಂಪ್ಯೂಟರಿನ ಲೆಕ್ಕ ಬೇರೆ. 1987ರಲ್ಲಿ ಬಂದ, ಕಂಪ್ಯೂಟರ್ ಮಾನಿಟರಿನ ವಿಜಿಎ ಪದ್ಧತಿಯಲ್ಲೇ ಸೆಕೆಂಡಿಗೆ ಸುಮಾರು 31,500 ಸಾಲುಗಳು ಹರಿಯುತ್ತಿದ್ದವು, ಅಂದರೆ ಟಿವಿಯ ವೇಗದ ಎರಡರಷ್ಟು. ಆದ್ದರಿಂದ ಹಳೆಯ ಕಂಪ್ಯೂಟರಿನ ನೀಲಿ ವಿಜಿಎ ವೈರನ್ನು ಕತ್ತರಿಸಿ ಎವಿ ಪಿನ್ನಿಗೆ ಬೆಸೆದರೆ ಪರದೆಯ ಮೇಲೆ ಓಡುವ ಗೆರೆಗಳಲ್ಲದೆ ಬೇರೇನೂ ಕಾಣುವುದಿಲ್ಲ. ಕೆಲವು ಹಳೆಯ ರೇಡಿಯಾನ್ ಗ್ರಾಫಿಕ್ಸ್ ಕಾರ್ಡುಗಳಿಗೆ ವಿಶೇಷ ಡ್ರೈವರ್ ಹಾಕಿ ವಿಜಿಎ ಕುಳಿಯಿಂದಲೇ ಟಿವಿಯ ವೇಗದ ಸಂಕೇತ ಹೊರಡಿಸುವವರಿದ್ದಾರೆ. ಆದರೆ ಅದಕ್ಕೆ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆ ತಂತಿಗಳಲ್ಲಿ ಸ್ವೀಕರಿಸುವ ಟಿವಿ ಬೇಕು. ಯುರೋಪಿನ ಟಿವಿಗಳಲ್ಲಿ ಇದ್ದ ಆ ಅಗಲವಾದ ಸ್ಕಾರ್ಟ್ ಕುಳಿ ನಮ್ಮ ಟಿವಿಯಲ್ಲಿ ಇಲ್ಲದ್ದರಿಂದ ಆ ದಾರಿಯನ್ನು ಕೈಬಿಟ್ಟೆ.

ಮೊದಲು ಹಿಡಿದದ್ದು ಕನ್ವರ್ಟರ್ ಡಬ್ಬಿಯ ದಾರಿ. ಗಡಿಯಾರ ಕಂಬದ ಹತ್ತಿರದ ಅಂಗಡಿಯೊಂದರಲ್ಲಿ ಕೇಳಿದಾಗ ಅವರು ಕೊಟ್ಟದ್ದು ಎವಿಯಿಂದ ಎಚ್‌ಡಿಎಂಐಗೆ ಹೋಗುವ ಡಬ್ಬಿ. ನನಗೆ ಬೇಕಿದ್ದದ್ದು ಅದರ ಉಲ್ಟಾ. ಹೊರಗಿನಿಂದ ಎರಡೂ ಒಂದೇ ಥರ ಇರುತ್ತವೆ, ಬೆಲೆಯೂ ಹತ್ತಿರ ಹತ್ತಿರ ಅಷ್ಟೇ. ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಮೂರು ಬಣ್ಣದ ಕುಳಿಗಳ ಬಳಿ 'ಔಟ್‌ಪುಟ್' ಎಂದು ಬರೆದಿದೆಯೇ ಎಂಬುದನ್ನು ಅಂಗಡಿಯಲ್ಲೇ ನಿಂತು ಓದಿಕೊಳ್ಳಬೇಕೆಂಬುದು ನನಗೆ ಎರಡನೆಯ ಸಲ ಹೋದಾಗ ತಿಳಿಯಿತು. ಸರಿಯಾದ ಡಬ್ಬಿಗೆ ಯುಎಸ್‌ಬಿಯಿಂದ 5 ವೋಲ್ಟ್ ವಿದ್ಯುತ್ತನ್ನೂ ಕೊಡಬೇಕು. ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂದು ಎರಡು ಕಡೆ ಸರಿಯುವ ಚಿಕ್ಕದೊಂದು ಸ್ವಿಚ್ಚಿರುತ್ತದೆ. ಎನ್‌ಟಿಎಸ್‌ಸಿ ಎಂಬುದು ಅಮೆರಿಕ, ಜಪಾನಿನ ಟಿವಿ ಪದ್ಧತಿ. ನಮ್ಮದು ಪಾಲ್ ದೇಶವೆಂದು ಅದನ್ನು ಪಾಲ್ ಕಡೆಗೇ ಇಟ್ಟೆ. ಚಿತ್ರ ಬಂತು. ಆದರೆ ಓಡುವ ಆಟಗಳಲ್ಲಿ ಹಿನ್ನೆಲೆಯು ಎತ್ತಿನಗಾಡಿ ಕಲ್ಲಿನ ಮೇಲೆ ಹೋದಂತೆ ಕುಲುಕುತ್ತಿತ್ತು. ಕಂಪ್ಯೂಟರು ಸೆಕೆಂಡಿಗೆ 60 ಚಿತ್ರ ಕಳಿಸುತ್ತದೆ, ಪಾಲ್ ಟಿವಿಗೆ 50 ಅರೆಚಿತ್ರಗಳೇ ಬೇಕು, ಹೀಗಾಗಿ ನಡುವಿನ ಡಬ್ಬಿ ಪ್ರತಿ ಆರು ಚಿತ್ರಗಳಲ್ಲಿ ಒಂದನ್ನು ಎಸೆಯುತ್ತಿತ್ತು. ನಮ್ಮ ಟಿವಿಯ ಮೆನುವಿನಲ್ಲಿ ಬಣ್ಣದ ಪದ್ಧತಿಯ ಆಯ್ಕೆಗಳಲ್ಲಿ ಎನ್‌ಟಿಎಸ್‌ಸಿಯೂ ಇತ್ತು. ಡಬ್ಬಿಯ ಸ್ವಿಚ್ಚನ್ನು ಆ ಕಡೆಗೆ ಸರಿಸಿ, ಟಿವಿಯನ್ನೂ ಅದಕ್ಕೆ ಹೊಂದಿಸಿದೆ. ಕುಲುಕಾಟ ನಿಂತಿತು. ಎನ್‌ಟಿಎಸ್‌ಸಿಯಲ್ಲಿ ಕಾಣುವ ಸಾಲುಗಳು 480ಕ್ಕೆ ಇಳಿಯುತ್ತವೆ, ಆದರೆ ಸೆಕೆಂಡಿಗೆ 60 ಅರೆಚಿತ್ರಗಳು ಸಿಗುತ್ತವೆ. ಆಟಕ್ಕೆ ಇದೇ ಮೇಲು.

ಆದರೂ ಚಿತ್ರ ಮಂಜುಮಂಜಾಗಿಯೇ ಇತ್ತು. ಹುಡುಗ ಆಡುತ್ತಿದ್ದ ಈಗಿನ ಕಾಲದ ಆಟದಲ್ಲಿ ಮೂಲೆಯ ನಕ್ಷೆ, ಗುಂಡುಗಳ ಎಣಿಕೆ, ಸೂಚನೆಗಳು ಯಾವುವೂ ಓದಲು ಬರುತ್ತಿರಲಿಲ್ಲ. ಕಾಗದ ಹಿಡಿದು ಲೆಕ್ಕ ಹಾಕಿದಾಗ ಕಾರಣ ಸ್ಪಷ್ಟವಾಯಿತು. ಪಾಲ್ ಪದ್ಧತಿಯಲ್ಲಿ ಒಂದು ಸಾಲಿನ 64 ಮೈಕ್ರೊಸೆಕೆಂಡಿನಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 52. ಸಂಕೇತದ ಹರವು 5 ಮೆಗಾಹರ್ಟ್ಸ್, ಎಂದರೆ ಅದು ಸೆಕೆಂಡಿಗೆ ಹೆಚ್ಚೆಂದರೆ 50 ಲಕ್ಷ ಸಲ ಏರಿಳಿಯಬಲ್ಲದು. ಅಂದರೆ ಒಂದು ಸಾಲಿನಲ್ಲಿ ಬೆಳಕು ಕತ್ತಲೆಯ 260 ಜೋಡಿಗಳು, ಎಂದರೆ 520 ಚುಕ್ಕಿಗಳು, ಹೆಚ್ಚೆಂದರೆ ಹಿಡಿಸುತ್ತವೆ. ಅಡ್ಡಕ್ಕೆ 520, ಉದ್ದಕ್ಕೆ 576 ಎಂದರೂ ಮೂರು ಲಕ್ಷ ಚುಕ್ಕಿಗಳಾಗುವುದಿಲ್ಲ. ಕಂಪ್ಯೂಟರು ಕಳಿಸುತ್ತಿದ್ದದ್ದು 1920 ಗುಣಿಸು 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಏಳು ಚುಕ್ಕಿಗಳ ಜಾಗದಲ್ಲಿ ಒಂದು ಚುಕ್ಕಿ ಕೂರಬೇಕು. ಬಣ್ಣದ ಪಾಲು ಇನ್ನೂ ಕಡಿಮೆ. ಹಳದಿ ವೈರಿನಲ್ಲಿ ಬೆಳಕಿನ ಏರಿಳಿತ ಮತ್ತು ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುತ್ತಾರೆ. ಟಿವಿ ಅವನ್ನು ಪೂರ್ತಿ ಬೇರ್ಪಡಿಸಲಾರದೆ, ಕೆಂಪು ಅಕ್ಷರದ ಅಂಚಿನಲ್ಲಿ ಇರುವೆ ಸಾಲಿನಂತೆ ಚುಕ್ಕಿಗಳು ಹರಿದಾಡುವುದನ್ನು ಹತ್ತಿರ ಹೋಗಿ ನೋಡಿದರೆ ಕಾಣಬಹುದು.

ಕನ್ನಡ ಅಕ್ಷರಗಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ಕಾಡುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಎಂಟು ಚುಕ್ಕಿಗಳ ಚೌಕದಲ್ಲಿ ಕೂರಿಸಬಹುದು. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಅದರ ಕೆಳಗೆ ಕೆಲವೊಮ್ಮೆ ಇನ್ನೊಂದು ಒತ್ತು. 'ರಾಷ್ಟ್ರ' ಎಂಬ ಪದವನ್ನು ಸಣ್ಣ ಅಕ್ಷರದಲ್ಲಿ ತೆರೆದು ನೋಡಿದೆ. ಒಂದೇ ಸಾಲಿನಷ್ಟು ತೆಳ್ಳಗಿನ ಗೆರೆಗಳು ಅರೆಚಿತ್ರಗಳ ಪೈಕಿ ಒಂದರಲ್ಲಿ ಮಾತ್ರ ಬರುವುದರಿಂದ ಒತ್ತುಗಳು ಸೆಕೆಂಡಿಗೆ 30 ಸಲ ಮಿನುಗಿ, ಕಣ್ಣು ಉರಿಯತೊಡಗಿತು. ಗೆರೆಗಳು ಎರಡು ಸಾಲಿನಷ್ಟು ದಪ್ಪವಿದ್ದರೆ ಮಿನುಗು ಬಹುಪಾಲು ಅಡಗುತ್ತದೆ. ಈ ಒಂದು ಅಂಶವನ್ನು ಮುಂದೆ ಹುಡುಗ ಚೆನ್ನಾಗಿ ಬಳಸಿಕೊಂಡ.

ಎರಡನೆಯ ದಾರಿ ನನ್ನ ಹಳೆಯ ಡೆಸ್ಕ್‌ಟಾಪಿನದು. ಅದರ ಗ್ರಾಫಿಕ್ಸ್ ಕಾರ್ಡಿನಲ್ಲಿ ಟಿವಿಗೆಂದೇ ಒಂದು ದುಂಡನೆಯ ಎಸ್-ವಿಡಿಯೊ ಕುಳಿಯಿತ್ತು. 2000ದ ದಶಕದ ಕಾರ್ಡುಗಳಲ್ಲಿ ಇದು ಸಾಮಾನ್ಯ. ಎಸ್-ವಿಡಿಯೊದಲ್ಲಿ ಬೆಳಕು ಒಂದು ತಂತಿ, ಬಣ್ಣ ಇನ್ನೊಂದು ತಂತಿ. ಹೀಗಾಗಿ ಅದನ್ನು ಸ್ವೀಕರಿಸುವ ಟಿವಿ ನಿಮ್ಮಲ್ಲಿದ್ದರೆ ಹಳದಿ ಪಿನ್ನಿಗಿಂತ ಅದನ್ನೇ ಆರಿಸಿಕೊಳ್ಳಿ, ಅಂಚುಗಳು ಎದ್ದು ಕಾಣುವಷ್ಟು ಸ್ವಚ್ಛವಾಗುತ್ತವೆ. ನಮ್ಮ ಟಿವಿಯಲ್ಲಿ ಆ ಕುಳಿ ಇಲ್ಲ. ಬೆಳಕಿನ ತಂತಿಯೊಂದನ್ನೇ ಹಳದಿ ಕುಳಿಗೆ ಕೊಟ್ಟಾಗ ಬಹಳ ಚೊಕ್ಕವಾದ, ಆದರೆ ಕಪ್ಪು ಬಿಳುಪಿನ ಚಿತ್ರ ಬಂತು. ಟಿವಿ ರಿಪೇರಿ ಮಾಡುವ ನಮ್ಮ ಓಣಿಯ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಮಾತಾಡದೆ ಡಬ್ಬಿಯೊಂದರಿಂದ 470 ಪಿಕೊಫ್ಯಾರಡ್‌ನ ಚಿಕ್ಕ ಕೆಪಾಸಿಟರ್ ತೆಗೆದು, ಬಣ್ಣದ ತಂತಿಯನ್ನು ಅದರ ಮೂಲಕ ಬೆಳಕಿನ ತಂತಿಗೆ ಬೆಸೆದರು. ಬಣ್ಣ ಬಂತು. ಬಣ್ಣದ ಸಂಕೇತ ಕುಳಿತಿರುವುದು 4.43 ಮೆಗಾಹರ್ಟ್ಸ್‌ನ ಸುತ್ತ. ಅಷ್ಟು ವೇಗದ ಏರಿಳಿತವನ್ನು ಆ ಕೆಪಾಸಿಟರ್ ದಾಟಿಸುತ್ತದೆ, ನಿಧಾನದ್ದನ್ನು ತಡೆಯುತ್ತದೆ. ಬೆಸುಗೆ ಹಾಕುತ್ತಲೇ ಅವರು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು: "ಸರ್ರ, ಈ ಟ್ಯೂಬ್ ಇನ್ನೂ ಗಟ್ಟಿ ಐತ್ರಿ, ಭಾಳ ವರ್ಷ ಬಾಳಿಕಿ ಬರತೈತಿ. ಆದ್ರ ನೀವು ಹಿಂದಿನ ಮುಚ್ಚಳ ತೆಗ್ಯಾಕ ಹೋಗಬ್ಯಾಡ್ರಿ." ಬಣ್ಣದ ಟ್ಯೂಬಿಗೆ 20,000 ವೋಲ್ಟ್‌ಗಿಂತ ಹೆಚ್ಚಿನ ಒತ್ತಡ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಲ್ಲದು. ಹೊರಗಿನ ಕುಳಿಗಳನ್ನು ಬಿಟ್ಟು ಒಳಗೆ ಯಾರೂ ಕೈಹಾಕಬಾರದು.

ಈ ಎರಡೂ ದಾರಿಗಳಲ್ಲಿ ಸಮಾಧಾನ ಸಿಗದೆ ನಾನು ಒಂದು ಸಂಜೆ ಸುಮ್ಮನೆ ಕುಳಿತಿದ್ದಾಗ ಬಾಲ್ಯದ ಟಿವಿ ಗೇಮ್ ನೆನಪಾಯಿತು. ಇದೇ ಟಿವಿಗೆ ಜೋಡಿಸಲು ಅಪ್ಪ ಹೊಸಪೇಟೆಯಿಂದ ತಂದಿದ್ದದ್ದು. ಹಳದಿ ಪ್ಲಾಸ್ಟಿಕ್ಕಿನ ಕ್ಯಾಸೆಟ್ಟುಗಳನ್ನು ಊದಿ ಊದಿ ಚುಚ್ಚುತ್ತಿದ್ದೆವು. ಆ ಆಟಗಳ ಚಿತ್ರ ಈ ಪರದೆಯ ಮೇಲೆ ಹೀಗೆ ಮಂಜಾಗಿರಲಿಲ್ಲ, ಮಿನುಗುತ್ತಲೂ ಇರಲಿಲ್ಲ. ಏಕೆ? ಉತ್ತರ ಹುಡುಕುತ್ತ ಹೋದಾಗ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ತಿಳಿಯಿತು.

1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ನಕಲುಗಳೇ ನಮ್ಮ ಆ ಟಿವಿ ಗೇಮುಗಳು. ಅದು ಬಿಡಿಸುವ ಚಿತ್ರ 256 ಗುಣಿಸು 240 ಚುಕ್ಕಿಗಳದ್ದು. ಅದು ಅರೆಚಿತ್ರಗಳನ್ನು ಹೆಣೆಯುವುದೇ ಇಲ್ಲ. ಪ್ರತಿ ಬೀಸಿನ ಕೊನೆಯಲ್ಲಿ ಸಾಮಾನ್ಯವಾಗಿ ಬರಬೇಕಾದ ಅರ್ಧ ಸಾಲನ್ನು ಬಿಟ್ಟುಬಿಡುವುದರಿಂದ, ಟಿವಿಯ ಕಿರಣ ಮರುಬೀಸಿನಲ್ಲೂ ಹಿಂದಿನ ಸಾಲುಗಳ ಮೇಲೆಯೇ ಓಡುತ್ತದೆ. ಹೀಗೆ ಒಂದು ಬೀಸೇ ಒಂದು ಪೂರ್ಣ ಚಿತ್ರವಾಗುತ್ತದೆ, ಎರಡು ಸಾಲುಗಳ ನಡುವೆ ಕೂದಲೆಳೆಯಷ್ಟು ಕಪ್ಪು ಉಳಿಯುತ್ತದೆ, ಮಿನುಗು ಮಾಯವಾಗುತ್ತದೆ. ಸಾಲುಗಳ ವೇಗ ಬದಲಾಗದ್ದರಿಂದ ಟಿವಿಗೆ ಯಾವ ತೊಂದರೆಯೂ ಇಲ್ಲ. ಅಡ್ಡಕ್ಕೆ 256 ಚುಕ್ಕಿಗಳು ಹಳದಿ ವೈರಿನ 520ರ ಮಿತಿಯೊಳಗೆ ಆರಾಮವಾಗಿ ಹಿಡಿಸುತ್ತವೆ. ಇಪ್ಪತ್ತು ಲಕ್ಷ ಚುಕ್ಕಿಗಳನ್ನು ಈ ಟಿವಿಗೆ ತುರುಕಲು ನಾನು ಒದ್ದಾಡುತ್ತಿದ್ದೆ. ಅದು ಕೇಳುತ್ತಿದ್ದದ್ದು ಅರವತ್ತು ಸಾವಿರ. ಕನ್ವರ್ಟರ್ ಡಬ್ಬಿ ಯಾವ ಚಿತ್ರ ಕೊಟ್ಟರೂ ಅದನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಹೆಣೆದೇ ಕಳಿಸುತ್ತದೆ. ಹಳೆಯ ಆಟವನ್ನೂ ಅದು ಕೆಡಿಸುವುದು ಇದರಿಂದಲೇ.

ಹಾಗಾಗಿ ಮೂರನೆಯ ದಾರಿ, ರಾಸ್ಪ್‌ಬೆರಿ ಪೈ. ಅಂಗೈಯಷ್ಟಿರುವ ಈ ಕಂಪ್ಯೂಟರಿನ 2012ರ ಮೊದಲ ಮಾದರಿಯಲ್ಲಿ ಹಳದಿ ಕುಳಿಯೇ ಇತ್ತು. 2014ರಿಂದ ಬಂದ ಮಾದರಿಗಳಲ್ಲಿ ಹೆಡ್‌ಫೋನಿನ 3.5 ಮಿಲಿಮೀಟರ್ ಕುಳಿಯಲ್ಲೇ ಚಿತ್ರವನ್ನೂ ಸೇರಿಸಿದ್ದಾರೆ. ನಾಲ್ಕನೆಯ ಪೀಳಿಗೆಯಲ್ಲಿ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು, ಐದನೆಯದರಲ್ಲಿ ಆ ಕುಳಿಯನ್ನೇ ತೆಗೆದಿದ್ದಾರೆ. ನನ್ನ ಬಳಿ ಇದ್ದದ್ದು ಮೂರನೆಯದು. ಇದಕ್ಕೆ ಬೇಕಾದ ವೈರಿನಲ್ಲಿ ಒಂದು ಎಚ್ಚರ: ಪಿನ್ನಿನ ತುದಿಯಿಂದ ಎಡ ಧ್ವನಿ, ಬಲ ಧ್ವನಿ, ಗ್ರೌಂಡ್, ಚಿತ್ರ ಎಂಬ ಕ್ರಮದಲ್ಲೇ ಇರಬೇಕು. ಹಳೆಯ ವಿಡಿಯೊ ಕ್ಯಾಮೆರಾಗಳ ವೈರು ನೋಡಲು ಹಾಗೆಯೇ ಇದ್ದರೂ ಕೆಲವದರಲ್ಲಿ ಗ್ರೌಂಡ್ ಮತ್ತು ಚಿತ್ರ ಅದಲುಬದಲಾಗಿರುತ್ತವೆ. ಮಲ್ಟಿಮೀಟರಿನಿಂದ ಪರೀಕ್ಷಿಸಿ ಚುಚ್ಚುವುದು ಒಳ್ಳೆಯದು.

ಪೈ ಆರಂಭವಾಗುವಾಗ ಓದುವ ಕಾನ್ಫಿಗ್ ಕಡತದಲ್ಲಿ ಎಸ್‌ಡಿಟಿವಿ ಮೋಡ್ ಎಂಬ ಒಂದು ಸಾಲು ಇರುತ್ತದೆ. ಅಲ್ಲಿ 0 ಬರೆದರೆ ಎನ್‌ಟಿಎಸ್‌ಸಿ, 2 ಬರೆದರೆ ಪಾಲ್. 16 ಬರೆದರೆ ಹೆಣೆಯದ ಎನ್‌ಟಿಎಸ್‌ಸಿ, 18 ಬರೆದರೆ ಹೆಣೆಯದ ಪಾಲ್. ಹೊಸ ಆವೃತ್ತಿಗಳಲ್ಲಿ ಡ್ರೈವರ್ ಬದಲಾಗಿರುವುದರಿಂದ ಇಂಥ ಆಯ್ಕೆಗಳನ್ನು ಕರ್ನಲ್‌ಗೆ (ಕಾರ್ಯಾಚರಣೆ ವ್ಯವಸ್ಥೆಯ ತಿರುಳಿಗೆ) ಕೊಡುವ ಸಾಲಿನಲ್ಲಿ ಬರೆಯಬೇಕಾಗುತ್ತದೆ. ನಾನು ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು 16 ಎಂದು ಬರೆದೆ. ಪಾಲ್ ಆರಿಸಿದ್ದರೆ 60ಕ್ಕೆಂದು ಮಾಡಿದ ಆಟಗಳು 50ರ ವೇಗದಲ್ಲಿ, ಎಂದರೆ ಆರರಲ್ಲಿ ಐದು ಪಾಲು ವೇಗದಲ್ಲಿ ಎಳೆದಾಡುತ್ತ ನಡೆಯುತ್ತಿದ್ದವು. ಹಳೆಯ ಆಟದ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಚಿತ್ರವನ್ನು ಹಿಗ್ಗಿಸುವ, ನುಣುಪು ಮಾಡುವ ಆಯ್ಕೆಗಳನ್ನೆಲ್ಲ ತೆಗೆದು, ಆಟದ ಒಂದು ಸಾಲು ಟಿವಿಯ ಒಂದು ಸಾಲಿನ ಮೇಲೆಯೇ ಕೂರುವಂತೆ ಮಾಡಿದೆ. ಆ ರಾತ್ರಿ ಪರದೆಯ ಮೇಲೆ ಮೂಡಿದ ನೀಲಿ ಆಕಾಶ, ಇಟ್ಟಿಗೆಯ ಸಾಲು, ಹಸಿರು ಕೊಳವೆಗಳನ್ನು ನೋಡಿ ಅಡುಗೆಮನೆಯಿಂದ ಬಂದ ಅಣ್ಣ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಇಬ್ಬರೂ ಹನ್ನೊಂದು ಗಂಟೆಯವರೆಗೆ ಆಡಿದೆವು.

ಆಡುವಾಗ ಬೆರಳಿಗೆ ತಿಳಿಯುವ ಇನ್ನೊಂದು ವ್ಯತ್ಯಾಸವಿದೆ. ಗೋಡೆಯ ಮೇಲಿನ ಚಪ್ಪಟೆ ಟಿವಿ ಬಂದ ಚಿತ್ರವನ್ನು ಮೊದಲು ಶೇಖರಿಸಿ, ಅಳತೆ ಬದಲಿಸಿ, ಆಮೇಲೆ ತೋರಿಸುತ್ತದೆ. ಕನ್ವರ್ಟರ್ ಡಬ್ಬಿಯದೂ ಅದೇ ಕಥೆ. ಪಿಕ್ಚರ್ ಟ್ಯೂಬಿನಲ್ಲಿ ಶೇಖರಿಸುವ ಜಾಗವೇ ಇಲ್ಲ. ವೈರಿನಲ್ಲಿ ಬಂದ ವೋಲ್ಟೇಜು ಆ ಗಳಿಗೆಯಲ್ಲೇ ಕಿರಣವಾಗಿ ಗಾಜಿನ ಒಳಮೈಯ ಬೆಳಗುವ ಲೇಪಕ್ಕೆ ತಾಗುತ್ತದೆ. ಗುಂಡಿ ಒತ್ತಿದೊಡನೆ ಜಿಗಿತ. ಬಾಲ್ಯದ ಬಾತುಕೋಳಿ ಹೊಡೆಯುವ ಬಂದೂಕು ಹೊಸ ಟಿವಿಗಳಲ್ಲಿ ಏಕೆ ನಡೆಯುವುದಿಲ್ಲ ಎಂಬುದೂ ಇದರಿಂದ ಅರ್ಥವಾಗುತ್ತದೆ. ಬಂದೂಕಿನ ಕುದುರೆ (ಟ್ರಿಗರ್) ಎಳೆದ ಕೂಡಲೇ ಪರದೆ ಒಂದು ಗಳಿಗೆ ಕಪ್ಪಾಗಿ, ಮರುಗಳಿಗೆ ಬಾತುಕೋಳಿಯ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ನಳಿಗೆಯಲ್ಲಿರುವುದು ಬೆಳಕು ಗುರುತಿಸುವ ಕಣ್ಣು. ಅದಕ್ಕೆ ಆ ಬಿಳುಪು ಸರಿಯಾದ ಗಳಿಗೆಯಲ್ಲಿ ಕಂಡರೆ ಮಾತ್ರ ಗುರಿ ಹೊಡೆದಂತೆ. ಚಪ್ಪಟೆ ಟಿವಿಯಲ್ಲಿ ಬಿಳಿಯ ಚೌಕ ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಟ ಅದನ್ನು ಕಾಯುವುದನ್ನು ನಿಲ್ಲಿಸಿರುತ್ತದೆ.

ಸಣ್ಣ ಪುಟ್ಟ ಸಂಗತಿಗಳಲ್ಲಿ ಒಂದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಕಂಪ್ಯೂಟರಿನ ಸ್ಪೀಕರುಗಳನ್ನು ಟಿವಿಯ ಪಕ್ಕಕ್ಕೆ ಒತ್ತಿ ಇಟ್ಟಿದ್ದೆವು. ಎರಡು ದಿನಗಳಲ್ಲಿ ಬಲ ಮೂಲೆ ನೇರಳೆ ಬಣ್ಣಕ್ಕೆ ತಿರುಗಿತು, ಟ್ಯೂಬ್ ಹೋಯಿತೆಂದು ಹುಡುಗ ಅಳುಮೋರೆ ಮಾಡಿಕೊಂಡ. ಸ್ಪೀಕರಿನ ಅಯಸ್ಕಾಂತವು ಕಿರಣವನ್ನು ವಾಲಿಸಿ, ಟ್ಯೂಬಿನೊಳಗಿನ ಲೋಹದ ಜಾಲರಿಯನ್ನೂ ಸ್ವಲ್ಪ ಕಾಂತೀಯಗೊಳಿಸಿತ್ತು, ಅಷ್ಟೇ. ಸ್ಪೀಕರನ್ನು ಎರಡು ಮೊಳ ದೂರ ಸರಿಸಿ, ಟಿವಿಯನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿದೆವು. ಪ್ರತಿ ಸಲ ಹಚ್ಚಿದಾಗ ಒಳಗಿನ ಸುರುಳಿಯೊಂದು ಆ ಕಾಂತತ್ವವನ್ನು ಅಳಿಸುವ ಕೆಲಸ ಮಾಡುತ್ತದೆ, ಮೊದಲು ಕೇಳುವ ಗುಂಯ್ ಸದ್ದು ಅದರದೇ. ಮೂರು ಸಲ ಹೀಗೆ ಮಾಡಿದ ಮೇಲೆ ಬಣ್ಣ ತಿಳಿಯಾಯಿತು. ರಿಮೋಟಿನಿಂದ ಆರಿಸಿದರೆ ಇದು ನಡೆಯುವುದಿಲ್ಲ, ಮುಖ್ಯ ಸ್ವಿಚ್ಚನ್ನೇ ಆರಿಸಬೇಕು.

ಶಾಲೆ ತೆರೆಯುವ ಮುಂಚೆ ಹುಡುಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತನ್ನದೇ ಒಂದು ಆಟ ಬರೆದ. ಮೇಲಿನಿಂದ ಬೀಳುವ ಅಕ್ಷರಗಳನ್ನು ಬುಟ್ಟಿಯಲ್ಲಿ ಹಿಡಿದು ಪದ ಕಟ್ಟುವ ಆಟ. ಮೊದಲು ಅದನ್ನು ಮಾನಿಟರಿಗೆಂದು ದೊಡ್ಡ ಅಳತೆಯಲ್ಲಿ ಮಾಡಿದ್ದ. ಟಿವಿಗೆ ತಂದಾಗ ಒತ್ತುಗಳು ಒಂದರೊಳಗೊಂದು ಕಲಸಿಹೋದವು, ಮೇಲಿನ ಅಂಕದ ಸಾಲು ಪರದೆಯ ಅಂಚಿನ ಹಿಂದೆ ಮರೆಯಾಯಿತು. ಈ ಟಿವಿಗಳು ಚಿತ್ರದ ನಾಲ್ಕೂ ಅಂಚುಗಳನ್ನು ಚೌಕಟ್ಟಿನ ಆಚೆಗೆ ಹರಿಸುತ್ತವೆ. ಅವನು ಎಲ್ಲವನ್ನೂ 320 ಗುಣಿಸು 240ಕ್ಕೆ ಇಳಿಸಿ, ಫಾಂಟನ್ನು ಬಿಟ್ಟು, ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಅಕ್ಷರಗಳನ್ನು ತಾನೇ ಬರೆದುಕೊಂಡ. ಮೂಲ ಅಕ್ಷರಕ್ಕೆ 16 ಸಾಲು, ಒತ್ತಿಗೆ 9 ಸಾಲು, ಅಡ್ಡಗೆರೆ ಎಲ್ಲೂ ಎರಡು ಸಾಲಿಗಿಂತ ತೆಳ್ಳಗಿರಕೂಡದು, ಅಂಕ ತೋರಿಸುವ ಜಾಗ ಅಂಚಿನಿಂದ 16 ಸಾಲು ಒಳಗೆ. ಕೆಂಪನ್ನು ಬಿಟ್ಟು ಕಡುನೀಲಿಯ ಮೇಲೆ ಬಿಳಿ ಅಕ್ಷರ. 'ಷ್ಟ್ರ' ಮಾತ್ರ ಆ ಅಳತೆಯಲ್ಲಿ ಕೂರಲಿಲ್ಲ, ಕೆಳಗಿನ ಒತ್ತಿಗೆ ಇನ್ನೂ ನಾಲ್ಕು ಸಾಲು ಕೊಟ್ಟ ಮೇಲೆ ಕೂತಿತು. ಅವ್ವ ಮಂಚದ ಮೇಲೆ ಕುಳಿತೇ, ಕನ್ನಡಕವಿಲ್ಲದೆ, ಬೀಳುವ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದಳು.